ನಕ್ಷತ್ರದ ಹೊದಿಕೆ, ಓಟದ ಬೂಟು

(ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡ ಮಹಿಳೆಯರ ಓದುಕೂಟವೊಂದರಲ್ಲಿ, ಅಮೆರಿಕದ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹೆಂಗಸರ ಸಂಪ್ರದಾಯ ಮತ್ತು ಆತ್ಮಗೌರವದ ಬಗ್ಗೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊರಿಂದ ಬಂದ ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಲೆಸ್ ಆಫ್ ಫೈನ್ ಆರ್ಟ್ಸ್‌ಗೆ ಕರೆದುಕೊಂಡು ಹೋಗದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ವಾರಾಂತ್ಯದಲ್ಲಿ ಹೋಗಿದ್ದರೆ ಆ ಕಂಬಗಳ ನಡುವೆ ಫೋಟೊ ತೆಗೆಸಿಕೊಳ್ಳುವ ಹುಡುಗಿಯರನ್ನು ನೋಡಿಯೇ ಇರುತ್ತೀರಿ. ನೆಲ ಗುಡಿಸುವ, ಸುತ್ತ ಉಬ್ಬಿದ ಗೌನು. ತಲೆಯ ಮೇಲೆ ಹೊಳೆಯುವ ಕಿರೀಟ. ಹಿಂದೆ ಒಂದೇ ಥರದ ಸೂಟು ತೊಟ್ಟ ಹುಡುಗರ ಸಾಲು. ಗೌನಿನ ಅಂಚು ಕೊಳೆಯಾಗದಂತೆ ಎತ್ತಿ ಹಿಡಿದುಕೊಂಡು ಹಿಂದಿಂದೆಯೇ ಬರುವ ಅಮ್ಮ. "ಇಷ್ಟು ಚಿಕ್ಕ ಹುಡುಗಿಗೆ ಮದುವೆ ಮಾಡ್ತಾರೇನೇ ಈ ದೇಶದಲ್ಲಿ?" ಅಂತ ನಮ್ಮತ್ತೆ ಗಾಬರಿಯಾಗಿದ್ದರು.

ಅದು ಮದುವೆಯಲ್ಲ, ಕಿನ್ಸೆಯಾನ್ಯೆರಾ. ಲ್ಯಾಟಿನ್ ಅಮೆರಿಕ ಮೂಲದ ಮನೆಗಳಲ್ಲಿ ಹುಡುಗಿಗೆ ಹದಿನೈದು ತುಂಬಿದ ಸಂಭ್ರಮ. ಮೊದಲು ಚರ್ಚಿನಲ್ಲಿ ಬಲಿಪೂಜೆ (ಮಾಸ್ ಎಂಬ ಪ್ರಾರ್ಥನೆ), ಆಮೇಲೆ ಹಾಲ್‌ನಲ್ಲಿ ಊಟ ಮತ್ತು ಕುಣಿತ. ಖರ್ಚನ್ನು ನೆಂಟರು, ಹಿತೈಷಿಗಳು ಹಂಚಿಕೊಳ್ಳುತ್ತಾರೆ. ಕೇಕ್ ಒಬ್ಬರದು, ಕಿರೀಟ ಇನ್ನೊಬ್ಬರದು, ಬ್ಯಾಂಡು ಚಿಕ್ಕಪ್ಪನದು. ರಾತ್ರಿಯ ಮುಖ್ಯ ಗಳಿಗೆಯಲ್ಲಿ ಹುಡುಗಿಯನ್ನು ನಡುವೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಅಪ್ಪ ಎಲ್ಲರೆದುರು ಮಂಡಿಯೂರಿ ಅವಳ ಕಾಲಿನ ಚಪ್ಪಟೆ ಚಪ್ಪಲಿ ಬಿಚ್ಚಿ, ಹಿಮ್ಮಡಿ ಎತ್ತರದ ಚಪ್ಪಲಿ ತೊಡಿಸುತ್ತಾನೆ. ಬದುಕಿನ ಕೊನೆಯ ಗೊಂಬೆ ಅಂತ ಒಂದು ಗೊಂಬೆ ಕೊಡುತ್ತಾರೆ, ಎಷ್ಟೋ ಮನೆಗಳಲ್ಲಿ ಅವಳು ಅದನ್ನು ತಂಗಿಗೋ ಚಿಕ್ಕ ನೆಂಟರ ಹುಡುಗಿಗೋ ದಾಟಿಸುತ್ತಾಳೆ. ನಂತರ ಅಪ್ಪನ ಜತೆ ವಾಲ್ಟ್ಸ್ ಕುಣಿತ.

ಕಟ್ಟಡದ ಕೆಲಸದಿಂದ ಬಿರುಕುಬಿಟ್ಟ ಕೈಗಳ ಒಬ್ಬ ಗಂಡಸು ಮಗಳ ಕಾಲ ಬಳಿ ಕೂತದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇಡೀ ಬಳಗ ಆ ಹುಡುಗಿಗೆ ಒಂದು ಸಂಜೆಯ ಮಟ್ಟಿಗೆ "ನೀನು ನಮಗೆ ಬೇಕಾದವಳು" ಅಂತ ಹೇಳುತ್ತದೆ. ಅದೇ ಸಂಜೆ, ಅದೇ ಉಸಿರಿನಲ್ಲಿ, "ಇನ್ನು ಮೇಲೆ ನೀನು ಹೆಂಗಸು, ಹೆಂಗಸಾಗಿ ನಡೆದುಕೋ" ಅಂತಲೂ ಹೇಳುತ್ತದೆ. ಅವಳ ಆತ್ಮಗೌರವಕ್ಕೆ ಅಡಿಪಾಯ ಬಿದ್ದದ್ದೂ ಆಗಲೇ, ಬೇಲಿ ಬಿದ್ದದ್ದೂ ಆಗಲೇ. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಲು ಬರುವುದಿಲ್ಲ ಅನ್ನುವುದೇ ಇವತ್ತು ನಾನು ಹೇಳಬೇಕಾದ ಮಾತು.

ನಾನು ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಸಮಾಜಕಾರ್ಯಕರ್ತೆ. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಎಲ್ ಸಾಲ್ವಡಾರ್, ಗ್ವಾಟೆಮಾಲ ಮೂಲದವರು. ಸ್ಪ್ಯಾನಿಷ್ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಈಗಲೂ ನನ್ನ ಉಚ್ಚಾರ ಕೇಳಿ ಅಜ್ಜಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: "ಲ್ಯಾಟಿನಾ" ಅಂದರೆ ಒಂದೇ ಅಚ್ಚಿನ ಹೆಂಗಸಲ್ಲ. 2020ರ ಜನಗಣತಿಯಲ್ಲಿ ಅಮೆರಿಕದ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಜನಸಂಖ್ಯೆ 6.2 ಕೋಟಿ. ಅದರಲ್ಲಿ ಹುಟ್ಟಿನಿಂದಲೇ ಅಮೆರಿಕನ್ ಪೌರತ್ವವಿರುವ ಪೋರ್ಟೊ ರಿಕೊದವರಿದ್ದಾರೆ, ಕ್ಯೂಬಾದಿಂದ ಬಂದವರಿದ್ದಾರೆ, ಆಫ್ರಿಕನ್ ಮೂಲದ ಡೊಮಿನಿಕನ್ನರಿದ್ದಾರೆ, ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಮಾಯಾ ಎಂಬ ಮೂಲನಿವಾಸಿಗಳ ಭಾಷೆಯಾಡುವವರಿದ್ದಾರೆ. ಟೆಕ್ಸಸ್‌ನ ಕೆಲವು ಕುಟುಂಬಗಳು ಅದು ಮೆಕ್ಸಿಕೊಗೆ ಸೇರಿದ್ದ ಕಾಲದಿಂದ ಅಲ್ಲೇ ಇವೆ. ಗಡಿ ಅವರನ್ನು ದಾಟಿತು, ಅವರು ಗಡಿ ದಾಟಲಿಲ್ಲ.

ಈಸ್ಟ್ ಸ್ಯಾನ್ ಹೋಸೆಯ ಒಂದು ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಹೈಸ್ಕೂಲಿನ ಹುಡುಗಿ, ತರಗತಿಗೇ ಮೊದಲು. ಅವಳಣ್ಣ ಮೇಜಿನ ಮುಂದೆ ಫೋನ್ ನೋಡುತ್ತಾ ಕೂತಿದ್ದ. ಅವಳು ಕಾವಲಿಯ ಮೇಲೆ ತೋರ್ತಿಯಾ (ಅವರ ರೊಟ್ಟಿ) ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ ತಂದಿಟ್ಟು ಕೂರುವಷ್ಟರಲ್ಲಿ ಬಟ್ಟೆ ಬರಿದು. ಮತ್ತೆ ಏಳುವುದು, ಮತ್ತೆ ಬಿಸಿ ಮಾಡುವುದು. ಅಮ್ಮ ಬಾಯಲ್ಲಿ ಏನೂ ಹೇಳಲಿಲ್ಲ, ಅಣ್ಣನ ತಟ್ಟೆಯ ಕಡೆ ಕಣ್ಣು ಹೊರಳಿಸಿದರೆ ಸಾಕಿತ್ತು. ಅಜ್ಜಿ ಮಾತ್ರ ಸಂತೋಷದಿಂದ, "ಯಾ ತೆ ಪ್ವೆದೆಸ್ ಕಸಾರ್" ಅಂದರು. ಇನ್ನು ನೀನು ಮದುವೆಯಾಗಬಹುದು ಕಣೇ, ಅಂತ. ಹುಡುಗಿ ನಕ್ಕಳು, ಕಾವಲಿಯ ಕಡೆ ತಿರುಗಿ ಕಣ್ಣು ಮೇಲೆ ಮಾಡಿದಳು. ಆ ಅಜ್ಜಿಯ ಪಾಲಿಗೆ ಅದು ಹೊಗಳಿಕೆಯಲ್ಲೇ ದೊಡ್ಡದು.

ಯಾರೋ ಆಗಲೇ ತಲೆಯಾಡಿಸುತ್ತಿದ್ದೀರಿ. ನಮ್ಮಲ್ಲೂ ಹೀಗೇ ಅಲ್ವಾ, ಅನ್ನುತ್ತೀರಿ. ಆ ಮಾತಿಗೆ ಅವಸರ ಬೇಡ. ಹೋಲಿಕೆ ಸಿಕ್ಕಿದ ಕೂಡಲೇ ನಾವು ಕೇಳುವುದನ್ನು ನಿಲ್ಲಿಸಿ ನಮ್ಮ ಕಥೆ ಶುರು ಮಾಡುತ್ತೇವೆ. ಈ ಹೆಂಗಸರ ಬದುಕಿನಲ್ಲಿ ಸ್ಪೇನ್ ಹೇರಿದ ಚರ್ಚಿದೆ, ಗಡಿಯಿದೆ, ವಲಸೆಯ ಕಾಗದಪತ್ರವಿಲ್ಲದ ಭಯವಿದೆ. ನಾವು ಎಚ್-1ಬಿ ಕೆಲಸದ ವೀಸಾ ಹಿಡಿದು ವಿಮಾನದಲ್ಲಿ ಬಂದವರು.

ಈ ನಿರೀಕ್ಷೆಗಳಿಗೆ ವಿದ್ವಾಂಸರು ಕೊಟ್ಟ ಹೆಸರು ಮರಿಯಾನಿಸ್ಮೊ. 1973ರಲ್ಲಿ ಎವೆಲಿನ್ ಸ್ಟೀವನ್ಸ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಒಂದು ಪ್ರಬಂಧದಲ್ಲಿ ಅದನ್ನು ಬಳಕೆಗೆ ತಂದರು. ಗಂಡಸಿನ ಮಚೀಸ್ಮೊಗೆ, ಅಂದರೆ ಗಂಡಸುತನದ ಗತ್ತಿಗೆ, ಎದುರುಮುಖವಾಗಿ ಹೆಂಗಸಿಗೊಂದು ಆದರ್ಶವಿದೆ, ಅದು ಮಾತೆ ಮರಿಯಮ್ಮನದು. ತಾಳ್ಮೆ, ತ್ಯಾಗ, ಶೀಲ, ನೋವು ನುಂಗುವ ಶಕ್ತಿ. ಇವುಗಳಿಂದ ಹೆಂಗಸು ಗಂಡಸಿಗಿಂತ ನೈತಿಕವಾಗಿ ಮೇಲು ಅನ್ನಿಸಿಕೊಳ್ಳುತ್ತಾಳೆ ಅನ್ನುವುದು ಅವರ ವಾದ. ಜತೆಗೆ, ಈ ಮೇಲ್ಮೆಯಿಂದ ಹೆಂಗಸರಿಗೆ ಲಾಭವೂ ಇದೆ, ಅದನ್ನು ಬಿಟ್ಟುಕೊಡಲು ಅವರೇ ಸಿದ್ಧರಿಲ್ಲ ಅಂತಲೂ ಬರೆದರು. ಇದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಇತಿಹಾಸಕಾರ್ತಿ ಮರಿಸಾ ನವಾರೊ 2002ರಲ್ಲಿ ಕಟುವಾಗಿಯೇ ಟೀಕಿಸಿದರು: ಇಡೀ ಖಂಡದ, ಎಲ್ಲ ವರ್ಗದ, ಎಲ್ಲ ಕಾಲದ ಹೆಂಗಸರನ್ನು ಒಂದೇ ಮೂರ್ತಿಯೊಳಗೆ ತುರುಕಿದ ಕೆಲಸ ಇದು ಅಂತ. ನನಗೆ ನವಾರೊ ಅವರ ಕಡೆಯೇ ಒಲವು. ಆದರೂ ಆ ಹೆಸರು ಉಳಿದುಬಿಟ್ಟಿದೆ. ಕ್ಲಿನಿಕ್ಕಿಗೆ ಬರುವ ಹೆಂಗಸರು ಆ ಪದ ಕೇಳಿರುವುದಿಲ್ಲ, ವಿಷಯ ವಿವರಿಸಿದರೆ ಮಾತ್ರ ಅಮ್ಮನ ಗಾದೆಯೊಂದನ್ನು ತಪ್ಪದೆ ಹೇಳುತ್ತಾರೆ: "ಕಯದೀತಾ ತೆ ವೆಸ್ ಮಾಸ್ ಬೊನೀತಾ." ಬಾಯಿ ಮುಚ್ಚಿಕೊಂಡಿದ್ದರೆ ನೀನು ಇನ್ನೂ ಚೆಂದ.

2010ರಲ್ಲಿ ಲಿಂಡಾ ಕಾಸ್ಟಿಯೊ ಮತ್ತು ಸಂಗಡಿಗರು ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು. ಮರಿಯಾನಿಸ್ಮೊ ಅಂದರೆ ಒಂದೇ ಕಂಬವಲ್ಲ, ಐದು ಅಂತ ಅವರಿಗೆ ಕಂಡಿತು. ಕುಟುಂಬವನ್ನು ಹಿಡಿದಿಟ್ಟುಕೊಳ್ಳುವುದು, ಶೀಲವಂತಳಾಗಿರುವುದು, ಬೇರೆಯವರಿಗೆ ತಗ್ಗಿ ನಡೆಯುವುದು, ಮನೆಯ ಶಾಂತಿಗಾಗಿ ತನ್ನ ಮಾತು ನುಂಗಿಕೊಳ್ಳುವುದು, ಮನೆಯವರ ದೈವಶ್ರದ್ಧೆಯ ಹೊಣೆ ಹೊರುವುದು. ಹೀಗೆ ಬಿಡಿಸಿ ನೋಡಿದ್ದರಿಂದ ಒಂದು ಉಪಕಾರವಾಯಿತು. ಎಲ್ಲ ಕಂಬಗಳೂ ಒಂದೇ ಕಡೆಗೆ ಎಳೆಯುವುದಿಲ್ಲ ಅನ್ನುವುದು ಗೊತ್ತಾಯಿತು. ಹದಿಹರೆಯದ ಹುಡುಗಿಯರ ಓದಿನ ಬಗ್ಗೆ ನಡೆದ ಅಧ್ಯಯನದಲ್ಲಿ, ಮರಿಯಾನಿಸ್ಮೊದ ಒಳ್ಳೆಯ ಮುಖಕ್ಕೂ (ಕುಟುಂಬದ ಕಂಬದಂಥದ್ದು) ಓದುವ ಛಲಕ್ಕೂ ನಂಟು ಕಂಡಿದೆ. ಅಮ್ಮ ಹೋಟೆಲಿನ ಕೋಣೆಗಳನ್ನು ಗುಡಿಸುತ್ತಾಳೆ, ನಾನು ಓದಲೇಬೇಕು ಅನ್ನುವ ಛಲ. ಅದೇ ಬ್ರಾಂಕ್ಸ್, ಷಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಟುಂಬದ ಕಂಬ ಮತ್ತು ದೈವಶ್ರದ್ಧೆಯ ಕಂಬಗಳನ್ನು ಬಲವಾಗಿ ನಂಬಿದವರಲ್ಲೇ ಖಿನ್ನತೆ, ಆತಂಕ, ಸಿಟ್ಟುಗಳು ಹೆಚ್ಚು ಕಂಡವು.

ಇವೆರಡೂ ಒಂದಕ್ಕೊಂದು ವಿರುದ್ಧ ಅಂತ ಸಂಶೋಧಕರು ಚರ್ಚಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹದಿನೈದರಲ್ಲಿ ಕುಟುಂಬ ಬೆನ್ನ ಹಿಂದಿರುತ್ತದೆ, ಮುಂದಕ್ಕೆ ತಳ್ಳುತ್ತದೆ. ನಲವತ್ತೈದರಲ್ಲಿ ಅದೇ ಕುಟುಂಬ ಹೆಗಲ ಮೇಲೆ ಬಂದು ಕೂತಿರುತ್ತದೆ. ಗಂಡನ ಬೆನ್ನುನೋವು, ಊರಲ್ಲಿರುವ ಅಮ್ಮನಿಗೆ ಕಳಿಸಬೇಕಾದ ದುಡ್ಡು, ಮೊಮ್ಮಗುವಿನ ಜ್ವರ. ಮಧುಮೇಹದ ಔಷಧಿ ಯಾಕೆ ಬಿಟ್ಟಿರಿ ಅಂತ ಕೇಳಿದರೆ ಮೊದಲು ಗಂಡನ ಔಷಧಿಯ ಲೆಕ್ಕ ಬರುತ್ತದೆ.

ಈಗ ಸ್ವಲ್ಪ ಹೊತ್ತು ಒಂದು ಮೊಕದ್ದಮೆಯ ಬಗ್ಗೆ ಹೇಳುತ್ತೇನೆ. ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಅದು.

1960ರ ದಶಕದ ಕೊನೆಯಿಂದ 70ರ ದಶಕದ ಮೊದಲ ವರ್ಷಗಳವರೆಗೆ ಲಾಸ್ ಏಂಜಲೀಸ್‌ನ ಕೌಂಟಿ ಆಸ್ಪತ್ರೆಗೆ ಹೆರಿಗೆಗೆ ಬಂದ ಅನೇಕ ಮೆಕ್ಸಿಕನ್ ಮೂಲದ ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಎಷ್ಟೋ ಜನ ಸಿಸೇರಿಯನ್‌ಗೆ ಒಳಗಾದವರು. ಹೆರಿಗೆ ನೋವಿನ ನಡುವೆ ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಂಡಿದ್ದರು. ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಕೆಲವರಿಗೆ ಏನಾಗಿದೆ ಅನ್ನುವುದೇ ತಡವಾಗಿ ತಿಳಿಯಿತು. ಅಲ್ಲೇ ತರಬೇತಿಯಲ್ಲಿದ್ದ ಬರ್ನಾರ್ಡ್ ರೋಸನ್‌ಫೆಲ್ಡ್ ಎಂಬ ವೈದ್ಯರು ದಾಖಲೆಗಳನ್ನು ಹೊರಗೆ ತಂದರು. 1975ರಲ್ಲಿ ಹತ್ತು ಹೆಂಗಸರು ದಾವೆ ಹೂಡಿದರು. ಮೊದಲ ಹೆಸರು ಡೊಲೊರೆಸ್ ಮಾದ್ರಿಗಾಲ್ ಅವರದು. ವಕೀಲರಲ್ಲಿ ಒಬ್ಬರು ಆಂತೋನಿಯಾ ಎರ್ನಾಂಡೆಸ್, ಆಗಿನ್ನೂ ಕಾನೂನು ಓದಿ ಹೊರಬಂದ ಹುಡುಗಿ. ಕೊಮಿಸಿಯೋನ್ ಫೆಮೆನಿಲ್ ಎಂಬ ಚಿಕಾನಾ (ಮೆಕ್ಸಿಕನ್ ಮೂಲದ ಅಮೆರಿಕನ್) ಮಹಿಳಾ ಸಂಘಟನೆ ಬೆಂಬಲಕ್ಕೆ ನಿಂತಿತು.

ಆ ಹತ್ತು ಜನರ ಬಗ್ಗೆ ಯೋಚಿಸಿ. ಬಾಯಿ ಮುಚ್ಚಿಕೊಂಡಿದ್ದರೆ ಚೆಂದ ಅಂತ ಬೆಳೆದವರು. ತಮ್ಮ ಗರ್ಭಕೋಶದ ಮಾತನ್ನು ಪರಪುರುಷರು ತುಂಬಿದ ನ್ಯಾಯಾಲಯದಲ್ಲಿ ಆಡಬೇಕು. ಅವರಲ್ಲಿ ಕೆಲವರು ಈ ಸಂಗತಿಯನ್ನು ನೆಂಟರಿಷ್ಟರಿಂದ ಮುಚ್ಚಿಟ್ಟಿದ್ದರು. ಮಕ್ಕಳು ಆಗುವುದಿಲ್ಲ ಅಂದರೆ ತಾನು ಪೂರ್ತಿ ಹೆಂಗಸಲ್ಲ ಅನ್ನುವ ನಾಚಿಕೆ ಅವರನ್ನು ಕಾಡುತ್ತಿತ್ತು. ಆ ನಾಚಿಕೆಯನ್ನು ಇಟ್ಟುಕೊಂಡೇ ಅವರು ಸಾಕ್ಷಿ ಹೇಳಿದರು.

ಅವರ ಪರವಾಗಿ ಕಾರ್ಲೋಸ್ ವೆಲೆಸ್-ಇಬಾನ್ಯೆಸ್ ಎಂಬ ಮಾನವಶಾಸ್ತ್ರಜ್ಞರು ಸಾಕ್ಷಿ ಹೇಳಿದರು. ಈ ಹೆಂಗಸರ ಸಮುದಾಯದಲ್ಲಿ ತಾಯ್ತನಕ್ಕಿರುವ ಬೆಲೆ ಎಂಥದ್ದು, ಅದು ಹೋದಾಗ ಅವರ ಒಳಗೆ ಏನು ಕುಸಿಯಿತು ಅನ್ನುವುದನ್ನು ಮನೆಮನೆಗೆ ಹೋಗಿ ಮಾತಾಡಿಸಿ ದಾಖಲಿಸಿದ್ದರು. ನಷ್ಟ ಎಷ್ಟು ದೊಡ್ಡದು ಅಂತ ತೋರಿಸುವುದು ಉದ್ದೇಶ. 1978ರ ತೀರ್ಪಿನಲ್ಲಿ ನ್ಯಾಯಾಧೀಶ ಜೆಸ್ಸಿ ಕರ್ಟಿಸ್ ಅದೇ ಸಾಕ್ಷ್ಯವನ್ನು ತಲೆಕೆಳಗು ಮಾಡಿದರು. ಅವರು ಹೇಳಿದ್ದರ ಸಾರ ಇದು: ಇವರಿಗೆ ಇಷ್ಟು ನೋವಾದದ್ದು ಇವರ ಸಂಸ್ಕೃತಿಯಿಂದ. ಬಿಡುವಿಲ್ಲದ ಆಸ್ಪತ್ರೆಯ ವೈದ್ಯರಿಗೆ ಇಂಥ ವಿಶೇಷ ನಂಬಿಕೆಗಳು ಗೊತ್ತಿರಬೇಕು ಅಂತ ಹೇಗೆ ನಿರೀಕ್ಷಿಸುವುದು? ವೈದ್ಯರಿಗೂ ರೋಗಿಗಳಿಗೂ ನಡುವೆ ಮಾತು ಸರಿಯಾಗಿ ತಲುಪಿಲ್ಲ, ಅಷ್ಟೇ. ಕೇಸು ಬಿದ್ದುಹೋಯಿತು.

ಕಾಗದದಲ್ಲಿ ಸೋತರೂ ಅವರು ಏನೂ ಪಡೆಯಲಿಲ್ಲ ಅನ್ನುವಂತಿಲ್ಲ. ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲಿರಬೇಕು, ಸಹಿಗೂ ಶಸ್ತ್ರಚಿಕಿತ್ಸೆಗೂ ನಡುವೆ ಕಾಯುವ ಅವಧಿ ಇರಬೇಕು ಅನ್ನುವ ನಿಯಮಗಳು ಗಟ್ಟಿಯಾದವು. 1909ರಿಂದ ಇದ್ದ ಬಲವಂತದ ಸಂತಾನಹರಣ ಕಾನೂನನ್ನು ಕ್ಯಾಲಿಫೋರ್ನಿಯಾ 1979ರಲ್ಲಿ ರದ್ದು ಮಾಡಿತು. 2018ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಕ್ಷಮೆ ಕೇಳಿತು. ನಲವತ್ತು ವರ್ಷ ಬೇಕಾಯಿತು. ಇನ್ನೊಂದು ವಿಚಿತ್ರ ನೋಡಿ: ಆ ಕಾಯುವ ಅವಧಿಯನ್ನು ವಿರೋಧಿಸಿದವರಲ್ಲಿ ಬಿಳಿಯ ಸ್ತ್ರೀವಾದಿಗಳೂ ಇದ್ದರು. ಅವರ ಹೋರಾಟ ಬೇರೆ. ತಮಗೆ ಮಕ್ಕಳು ಸಾಕು ಅಂದರೂ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಲೊಪ್ಪುವುದಿಲ್ಲ ಅನ್ನುವುದು ಅವರ ದೂರು. ಒಬ್ಬಳಿಗೆ ತಾಯ್ತನದಿಂದ ಬಿಡುಗಡೆಯಲ್ಲಿ ಆತ್ಮಗೌರವ, ಇನ್ನೊಬ್ಬಳಿಗೆ ಅದನ್ನು ಉಳಿಸಿಕೊಳ್ಳುವುದರಲ್ಲಿ. ಸಂಪ್ರದಾಯ ಬಿಟ್ಟವಳು ಮಾತ್ರ ಸ್ವಾಭಿಮಾನಿ ಅನ್ನುವವರಿಗೆ ನಾನು ಈ ಕೇಸನ್ನು ಓದಲು ಹೇಳುತ್ತೇನೆ. ಮಾದ್ರಿಗಾಲ್ ಮತ್ತು ಉಳಿದವರು ಸಂಪ್ರದಾಯದ ತಾಯಂದಿರಾಗಿಯೇ ಸರ್ಕಾರಿ ಆಸ್ಪತ್ರೆಯನ್ನು ಎದುರು ಹಾಕಿಕೊಂಡರು. ಅವರ ನಂಬಿಕೆಯನ್ನು ಅವರ ವಿರುದ್ಧ ತಿರುಗಿಸಿದ್ದು ನ್ಯಾಯಪೀಠ.

ಇನ್ನು ಅಮ್ಮ-ಮಗಳ ವಿಷಯ. ಇಲ್ಲಿ ಸ್ವಲ್ಪ ಭಾರವಾದ ಮಾತಿದೆ. 2015ರ ರಾಷ್ಟ್ರೀಯ ಹೈಸ್ಕೂಲು ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದೆ ಅಂದ ಲ್ಯಾಟಿನಾ ಹುಡುಗಿಯರು ನೂರಕ್ಕೆ ಸುಮಾರು 15. ಬಿಳಿಯ ಹುಡುಗಿಯರಲ್ಲಿ ಸುಮಾರು 10. ಲೂಯಿಸ್ ಸಾಯಾಸ್ ಎಂಬ ಸಮಾಜಕಾರ್ಯದ ಪ್ರಾಧ್ಯಾಪಕರು ನ್ಯೂಯಾರ್ಕಿನಲ್ಲಿ ಇಂಥ ಹುಡುಗಿಯರನ್ನೂ ಅವರ ತಾಯಂದಿರನ್ನೂ ವರ್ಷಗಟ್ಟಲೆ ಮಾತಾಡಿಸಿದರು. ಯಾವ ಒಂದು ಕಾರಣದಿಂದಲೂ ಇಂಥದ್ದು ಆಗುವುದಿಲ್ಲ. ಆದರೆ ಮತ್ತೆ ಮತ್ತೆ ಎದುರಾದ ಸಂದರ್ಭ ಒಂದಿದೆ: ಹೊರಗೆ ಹೋಗುವುದು, ಗೆಳೆಯ, ಫೋನು, ಬಟ್ಟೆ, ಇಂಥದ್ದರ ಬಗ್ಗೆ ಮನೆಯಲ್ಲಿ ಜಗಳ. ಶಾಲೆಯಲ್ಲಿ "ನಿನಗೆ ಏನನ್ನಿಸುತ್ತೆ ಹೇಳು" ಅಂತ ಕಲಿಸುತ್ತಾರೆ, ಮನೆಯಲ್ಲಿ ಅದೇ ಎದುರುತ್ತರ ಅನ್ನಿಸಿಕೊಳ್ಳುತ್ತದೆ. ಅಮ್ಮ ಮಗಳು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವಂತಿದ್ದ ಮನೆಗಳಲ್ಲಿ ಅಪಾಯ ಕಡಿಮೆ ಅಂತ ಅವರ ಕೆಲಸ ತೋರಿಸಿತು. ಅಲ್ಲಿನ ತಾಯಂದಿರೇನೂ ಕಟ್ಟುಪಾಡು ಬಿಟ್ಟವರಾಗಿರಬೇಕಿಲ್ಲ.

ಇದೇ ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. ಮರಿಯಾನಿಸ್ಮೊ ಬಗ್ಗೆ 90ರ ದಶಕದಲ್ಲೇ ಬರೆದಿದ್ದ ರೋಸಾ ಮರಿಯಾ ಹಿಲ್ ಅವರು ಕಟ್ಟಿದ ಕೊಮ್ಯುನಿಲೈಫ್ ಸಂಸ್ಥೆ 2008ರಲ್ಲಿ "ಲೈಫ್ ಈಸ್ ಪ್ರೆಷಸ್" ಅನ್ನುವ ಕಾರ್ಯಕ್ರಮ ಶುರು ಮಾಡಿತು. ಶಾಲೆ ಬಿಟ್ಟ ಮೇಲೆ ಹುಡುಗಿಯರು ಅಲ್ಲಿಗೆ ಬರುತ್ತಾರೆ. ಚಿತ್ರ, ಸಂಗೀತ, ಹೋಂವರ್ಕ್. ಮನೆಯವರನ್ನು ದೂರ ಇಡುವುದಿಲ್ಲ, ಒಳಗೆ ಕರೆಯುತ್ತಾರೆ. ಹುಡುಗಿಯನ್ನು ಮನೆಯಿಂದ ಬಿಡಿಸುವುದೇ ಪರಿಹಾರ ಅಂದುಕೊಂಡಿರುವ ಸಲಹೆಗಾರರು ನಮ್ಮ ವೃತ್ತಿಯಲ್ಲಿ ತುಂಬ ಇದ್ದಾರೆ. ಅವರ ಬಳಿಗೆ ಹೋದ ಹುಡುಗಿ ಎರಡನೇ ಸಲ ಬರುವುದು ಅಪರೂಪ. ಅಂದಹಾಗೆ, ಯಾರಿಗಾದರೂ ಬೇಕಾಗಬಹುದು, ಬರೆದುಕೊಳ್ಳಿ: 988, ಆತ್ಮಹತ್ಯೆಯ ಯೋಚನೆ ಬಂದವರಿಗಾಗಿ ಇರುವ ಸಹಾಯವಾಣಿ. ಅಮೆರಿಕದಲ್ಲಿ ಎಲ್ಲಿಂದ ಕರೆ ಮಾಡಿದರೂ ಹಗಲು ರಾತ್ರಿ ಎತ್ತುತ್ತಾರೆ. ಸ್ಪ್ಯಾನಿಷ್ ಬೇಕಾದವರು 2 ಒತ್ತಬೇಕು.

ಡೊಲೊರೆಸ್ ವೆರ್ತಾ ಹೆಸರು ಕೇಳಿರುತ್ತೀರಿ. ಇಲ್ಲಿಂದ ಒಂದೂವರೆ ಗಂಟೆ ದೂರದ ಸ್ಟಾಕ್ಟನ್‌ನಲ್ಲಿ ಬೆಳೆದವರು, ಹುಟ್ಟಿದ್ದು 1930ರಲ್ಲಿ, ನ್ಯೂ ಮೆಕ್ಸಿಕೊದಲ್ಲಿ. 1962ರಲ್ಲಿ ಹೊಲಗೂಲಿಗಳ ಸಂಘ ಕಟ್ಟಿದವರಲ್ಲಿ ಒಬ್ಬರು. 2012ರಲ್ಲಿ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ಪಡೆದವರು. ಅವರ ಅಮ್ಮ ಅಲಿಸಿಯಾ ಹೋಟೆಲು ನಡೆಸುತ್ತಿದ್ದರು. ಆ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಬಡಿಸು ಅಂತ ಯಾರೂ ತನಗೆ ಹೇಳಲಿಲ್ಲ ಅಂತ ಡೊಲೊರೆಸ್ ನೆನಪಿಸಿಕೊಂಡಿದ್ದಾರೆ. ಎಷ್ಟು ಸಣ್ಣ ಸಂಗತಿ! ಮುಂದೆ ದ್ರಾಕ್ಷಿ ತೋಟದ ಮಾಲೀಕರ ಎದುರು ಕೂತು ಒಪ್ಪಂದದ ಚೌಕಾಸಿ ಮಾಡಿದಾಗ, ಈ ಹೆಂಗಸಿಗೆ ಹೆದರಿಕೆಯೇ ಇಲ್ಲವಲ್ಲ ಅಂತ ಅವರು ಬೆರಗಾದರು. ಆದರೆ ಆಕೆಗೆ ಹನ್ನೊಂದು ಮಕ್ಕಳು. ಮುಷ್ಕರ, ಮೆರವಣಿಗೆ, ಊರೂರು ತಿರುಗಾಟ. ಮಕ್ಕಳು ಗೆಳತಿಯರ ಮನೆಗಳಲ್ಲಿ, ಸಂಘದವರ ನಡುವೆ ಬೆಳೆದರು. ಇದೆಂಥ ತಾಯಿ ಅಂತ ಬೈದವರು ಎದುರಾಳಿಗಳಷ್ಟೇ ಆಗಿರಲಿಲ್ಲ, ಸ್ವಂತ ಬಳಗವೂ ಬೈದಿತು. ಅದೇ ಕಾಲದಲ್ಲಿ ಮನೆಗೆ ಹೋಗದೆ ತಿರುಗಿದ ಗಂಡಸು ನಾಯಕರನ್ನು ಇದೆಂಥ ತಂದೆ ಅಂತ ಯಾರೂ ಕೇಳಲಿಲ್ಲ. ವೆರ್ತಾ ಆ ಬೈಗುಳವನ್ನು ನುಂಗಲೂ ಇಲ್ಲ, ತಾಯ್ತನವನ್ನು ಅಲ್ಲಗಳೆಯಲೂ ಇಲ್ಲ. ಮಕ್ಕಳನ್ನು ಪಿಕೆಟಿಂಗ್ ಸಾಲಿಗೇ ಕರೆದುಕೊಂಡು ಬಂದರು. ಮಕ್ಕಳು ಅದಕ್ಕೆ ಬೆಲೆ ತೆತ್ತಿಲ್ಲ ಅಂತ ನಾನು ಹೇಳುವುದಿಲ್ಲ. ತೆತ್ತಿದ್ದಾರೆ, ದೊಡ್ಡವರಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಾರೆ.

ಕೊನೆಯದಾಗಿ ಕೆಲವು ಚಿತ್ರಗಳನ್ನು ತೋರಿಸುತ್ತೇನೆ. (ಪರದೆಯ ಮೇಲೆ ನಾಲ್ಕು ಚಿತ್ರಗಳನ್ನು ತೋರಿಸಿದೆ.)

ಮೊದಲನೆಯದು ಗ್ವಾಡಲೂಪೆ ಮಾತೆಯ ಮೂಲ ಚಿತ್ರ, ಮೆಕ್ಸಿಕೊದವರು ಪೂಜಿಸುವ ಮರಿಯಮ್ಮನ ರೂಪ. 1531ರಲ್ಲಿ ಮೆಕ್ಸಿಕೊದ ತೆಪೆಯಾಕ್ ಗುಡ್ಡದಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಕಾಣಿಸಿಕೊಂಡಳು ಅನ್ನುವುದು ನಂಬಿಕೆ. ಡಿಸೆಂಬರ್ 12 ಅವಳ ಹಬ್ಬ. ಟ್ಯಾಕೊ ಅಂಗಡಿಯ ಗೋಡೆಯಲ್ಲಿ, ಲಾರಿಯ ಹಿಂದೆ, ಮೇಣದಬತ್ತಿಯ ಮೇಲೆ, ಎಲ್ಲೆಲ್ಲೂ ನೋಡಿದ್ದೀರಿ. ತಗ್ಗಿಸಿದ ಕಣ್ಣು, ಮುಗಿದ ಕೈ, ನಕ್ಷತ್ರಗಳಿರುವ ಹಸಿರು-ನೀಲಿ ಹೊದಿಕೆ, ಸುತ್ತ ಕಿರಣಗಳು. ಕಾಲ ಕೆಳಗೆ ಅರ್ಧಚಂದ್ರ, ಅವಳನ್ನು ಹೊತ್ತ ಪುಟ್ಟ ದೇವದೂತ. ಅವಳು ನಿಂತಲ್ಲೇ ನಿಂತಿದ್ದಾಳೆ.

ಮುಂದಿನ ಮೂರೂ 1978ರವು, ಮಾದ್ರಿಗಾಲ್ ತೀರ್ಪು ಬಂದ ವರ್ಷವೇ. ರಚಿಸಿದವರು ಸ್ಯಾನ್ ಡಿಯಾಗೊದ ಚಿಕಾನಾ ಕಲಾವಿದೆ ಯೊಲಾಂಡಾ ಲೋಪೆಸ್, 2021ರಲ್ಲಿ ತೀರಿಕೊಂಡರು. ಒಂದರಲ್ಲಿ ಅವರೇ ಗ್ವಾಡಲೂಪೆ. ಆದರೆ ಓಡಿ ಬರುತ್ತಿದ್ದಾರೆ, ನೇರ ನಮ್ಮ ಕಡೆಗೆ. ಮೊಣಕಾಲಿನ ಮೇಲೆ ಹಾರಿದ ಲಂಗ, ಓಟಗಾರ್ತಿಯ ತುಂಬು ತೊಡೆ, ಕಾಲಲ್ಲಿ ಓಟದ ಬೂಟು. ಒಂದು ಕೈಯಲ್ಲಿ ಹಾವಿನ ಕುತ್ತಿಗೆ, ಇನ್ನೊಂದು ಕೈಯಲ್ಲಿ ಹೆಗಲಿಂದ ಹಾರುತ್ತಿರುವ ಆ ನಕ್ಷತ್ರದ ಹೊದಿಕೆ. ದೇವದೂತನನ್ನು ದಾಟಿಕೊಂಡು ಜಿಗಿದಿದ್ದಾರೆ. ಮುಖದ ತುಂಬ ನಗು. ಎಲ್ಲರೂ ಮೆಚ್ಚುವುದು ಈ ಚಿತ್ರವನ್ನು, ಪುಸ್ತಕಗಳ ಹೊದಿಕೆಗೆ ಬರುವುದೂ ಇದೇ.

ನನಗೆ ಉಳಿದೆರಡರ ಮೇಲೆ ಹೆಚ್ಚು ಪ್ರೀತಿ. ಇದು ಅವರ ಅಮ್ಮ ಮಾರ್ಗರೆಟ್. ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದವರು. ಕನ್ನಡಕ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಸುತ್ತ ಅದೇ ದೈವಿಕ ಕಿರಣಗಳು. ಯಂತ್ರದ ಸೂಜಿಯ ಕೆಳಗಿರುವ ಬಟ್ಟೆ ಯಾವುದು ನೋಡಿ. ಅದೇ ನಕ್ಷತ್ರದ ಹೊದಿಕೆ. ದೇವಿಯ ಸೀರೆಯನ್ನು ದೇವಿಯೇ ಹೊಲಿಯುತ್ತಿದ್ದಾಳೆ, ಕೂಲಿಗೆ. ಇನ್ನೊಂದು ಅಜ್ಜಿ ವಿಕ್ಟೋರಿಯಾ. ಆ ಹೊದಿಕೆಯನ್ನು ಪೀಠದ ಮೇಲೆ ಹಾಸಿಕೊಂಡು ಕೂತಿದ್ದಾರೆ, ಕೈಯಲ್ಲಿ ಚಾಕು, ಸುಲಿದ ಹಾವಿನ ಚರ್ಮ. ದಣಿದ ಮುಖ, ನಮ್ಮನ್ನು ನೇರ ನೋಡುವ ಕಣ್ಣು. ಈ ಅಜ್ಜಿಗೆ ಯಾವ ಮಚೀಸ್ಮೊ, ಯಾವ ಮರಿಯಾನಿಸ್ಮೊ? ಹಾವನ್ನು ಸುಲಿದು ಕೂತವರು.

ಮೂವರಲ್ಲಿ ಒಬ್ಬರೂ ಹೊದಿಕೆಯನ್ನು ಬಿಸಾಡಿಲ್ಲ. ಒಬ್ಬರು ಹೊಲಿದರು, ಒಬ್ಬರು ಕೆಳಗೆ ಹಾಸಿಕೊಂಡರು, ಒಬ್ಬರು ಬೀಸಿಕೊಂಡು ಓಡಿದರು. ತಗ್ಗಿಸಿದ ಕಣ್ಣು ಮಾತ್ರ ಮೂರರಲ್ಲೂ ಇಲ್ಲ, ಅಮ್ಮನ ಕಣ್ಣು ಕೂಡ ಕನ್ನಡಕದ ಮೇಲಿಂದ ನಮ್ಮ ಕಡೆಗೇ ಇದೆ ಅನ್ನಿಸುತ್ತದೆ ನನಗೆ. ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

*

ಒಬ್ಬರು ಹಿರಿಯರು ಕೇಳಿದರು: "ಇದೆಲ್ಲ ಅಮೆರಿಕಕ್ಕೆ ಬಂದ ಮೇಲೆ ಬಂದ ಗಾಳಿ ಅಲ್ವೇನಮ್ಮಾ? ಅವರ ಊರಲ್ಲಿ ಹೆಂಗಸರು ಹೀಗೆಲ್ಲ ಯೋಚನೆ ಮಾಡ್ತಿದ್ರಾ?"

ಮಾಡ್ತಿದ್ರು ಅಮ್ಮಾ. ಅಮೆರಿಕ ಅನ್ನುವ ದೇಶವೇ ಇಲ್ಲದಾಗ ಮಾಡ್ತಿದ್ರು. ಮೆಕ್ಸಿಕೊದಲ್ಲಿ ಸೋರ್ ಹುವಾನಾ ಇನೆಸ್ ಅಂತ ಒಬ್ಬ ಸನ್ಯಾಸಿನಿ ಇದ್ದರು, ಕವಿ, ವಿದ್ವಾಂಸೆ. ಮದುವೆ ಬೇಡ, ಓದಬೇಕು, ಅದಕ್ಕೆ ಮಠವೇ ವಾಸಿ ಅಂತ ಮಠ ಸೇರಿದವರು. ಚಿಕ್ಕಂದಿನಲ್ಲಿ, ಇಷ್ಟು ದಿನದೊಳಗೆ ಇಷ್ಟು ಪಾಠ ಬರದಿದ್ದರೆ ಕೂದಲು ಕತ್ತರಿಸಿಕೊಳ್ಳುತ್ತೇನೆ ಅಂತ ತಮಗೆ ತಾವೇ ಶಿಕ್ಷೆ ಹಾಕಿಕೊಳ್ಳುತ್ತಿದ್ದರಂತೆ, ಬುದ್ಧಿಯಿಲ್ಲದ ತಲೆಗೆ ಅಲಂಕಾರ ಯಾಕೆ ಅಂತ. ಪುಯೆಬ್ಲಾದ ಬಿಷಪ್ಪರು ಹೆಂಗಸಿನ ಹೆಸರಿಟ್ಟುಕೊಂಡು, ಲೌಕಿಕ ಓದು ಬಿಡು ಅಂತ ಅವರಿಗೆ ಬುದ್ಧಿ ಹೇಳಿ ಕಾಗದ ಬರೆದರು. 1691ರಲ್ಲಿ ಹುವಾನಾ ಉತ್ತರ ಕೊಟ್ಟರು. ಸ್ವರ ಬಲು ವಿನಯದ್ದು, ನಾನೊಬ್ಬ ಅಜ್ಞಾನಿ ಹೆಂಗಸು ಅಂತಲೇ ಶುರು. ಒಳಗೆ ಹೋದರೆ, ಅಡುಗೆಮನೆಯಲ್ಲಿ ನಾನು ಪ್ರಕೃತಿಯ ಎಷ್ಟು ಗುಟ್ಟು ಕಂಡಿಲ್ಲ ಅನ್ನುತ್ತಾರೆ. ಮೊಟ್ಟೆ ಎಣ್ಣೆಯಲ್ಲಿ ಒಟ್ಟಾಗಿ ಬೇಯುತ್ತದೆ, ಸಕ್ಕರೆ ಪಾಕದಲ್ಲಿ ಚೂರಾಗುತ್ತದೆ, ಯಾಕೆ? ಅರಿಸ್ಟಾಟಲ್ ಅಡುಗೆ ಮಾಡಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದ ಅನ್ನುತ್ತಾರೆ. ಕೊನೆಗೆ ಅವರ ಬರವಣಿಗೆ ನಿಂತಿತು, ಪುಸ್ತಕಗಳನ್ನೂ ಕಳೆದುಕೊಂಡರು. 1695ರಲ್ಲಿ ಸಾಂಕ್ರಾಮಿಕ ಬಂದಾಗ ಜತೆಯ ಸನ್ಯಾಸಿನಿಯರ ಶುಶ್ರೂಷೆ ಮಾಡುತ್ತಾ ತೀರಿಕೊಂಡರು. ಈಗ ಮೆಕ್ಸಿಕೊದ 100 ಪೆಸೊ ನೋಟಿನ ಮೇಲಿರುವುದು ಅವರದೇ ಮುಖ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ: "ನಮ್ಮ ಮಗು ನೋಡಿಕೊಳ್ಳೋಕೆ ಬರೋ ಸೆನ್ಯೋರಾ ಯಾವತ್ತೂ ಏನೂ ಕೇಳೋದಿಲ್ಲ. ಸಂಬಳ ಜಾಸ್ತಿ ಬೇಕಾ ಅಂದ್ರೂ, ಲೇಟ್ ಆಯ್ತಾ ಅಂದ್ರೂ ನಗ್ತಾರೆ ಅಷ್ಟೇ. ಅವರು ಖುಷಿಯಾಗಿದ್ದಾರೆ ಅಂತಲೇ ಅಂದುಕೊಂಡಿದ್ದೆ."

ಇರಬಹುದು. ಅಥವಾ, ಕೇಳದೆ ಇರುವವಳೇ ಒಳ್ಳೆಯವಳು ಅಂತ ಚಿಕ್ಕಂದಿನಿಂದ ಕಲಿತಿರಬಹುದು. ಕಾಗದಪತ್ರದ ಭಯವಿದ್ದರಂತೂ ಕೇಳುವ ಮಾತೇ ಇಲ್ಲ. ಆಕೆ ಬಾಯಿಬಿಡಲಿ ಅಂತ ನೀವು ಕಾಯಬೇಕಾಗಿಲ್ಲ. 2014ರಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ: ಮಗು ನೋಡಿಕೊಳ್ಳುವವರಿಗೆ, ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 45 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೊಡಬೇಕು. ಆ ಕಾನೂನು ಬಂದದ್ದೇ ಇಂಥ ಹೆಂಗಸರು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಬಸ್ಸಿನಲ್ಲಿ ಹೋಗಿ ಕೂತು ಮಾತಾಡಿದ್ದರಿಂದ. ಗಂಟೆಗಳನ್ನು ಬಾಯಲ್ಲಿ ಬಿಡಬೇಡಿ, ಸ್ಪ್ಯಾನಿಷ್‌ನಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಇನ್ನೊಂದು. ನಾವೆಲ್ಲ ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋಗುತ್ತೇವೆ, ಆ ತಿಂಗಳು ಅವರಿಗೆ ಸಂಬಳವಿಲ್ಲ. ಬಾಡಿಗೆ ಮಾತ್ರ ಕಟ್ಟಲೇಬೇಕಲ್ಲ. ಕ್ಲಿನಿಕ್ಕಿನಲ್ಲಿ ಜನವರಿ ಬಂತು ಅಂದರೆ ಔಷಧಿ ಬಿಟ್ಟು ಬಂದವರ ಸಾಲು ನನಗೆ ಗೊತ್ತು. ಟಿಕೆಟ್ ಬುಕ್ ಮಾಡುವ ದಿನವೇ ಆ ತಿಂಗಳ ಸಂಬಳದ ಮಾತನ್ನೂ ಆಡಿ ಮುಗಿಸಿ.